ಮೇಲಿನವಳ ನೀರು

ಅಳಿಯ ಅಂಗಿಯ ತೋಳು ಮಡಚಿ, ಬಕೆಟ್ ಹಿಡಿದು ಅತ್ತೆಯ ಮನೆಬಾಗಿಲ ಮುಂದೆ ನಿಂತಾಗ ಬೀದಿಯ ನಾಯಿ ಕೂಡ ನೋಡಲು ಎದ್ದು ಕೂತಿತು. ಬಾಗಿಲಿಗೆ ಕಡುಹಸಿರು ಬಣ್ಣ. ಅದರ ಮೇಲೆ ತುದಿಯಿಂದ ಬುಡದವರೆಗೆ ಸುಣ್ಣ ಇಳಿದಂತೆ ಬಿಳಿ ಬಿಳಿ ನೀರಿನ ಕಲೆ. ಮೇಲಿನ ಬಾಲ್ಕನಿಯ ಕುಂಡಗಳಿಂದ ದಿನಾ ಬೆಳಿಗ್ಗೆ ಸುರಿಯುವ ಗಡಸು ನೀರಿನ ಕೊಡುಗೆ ಅದು.

"ಬಿಡಿ ಅಳಿಯಂದ್ರೇ, ಅದು ಹೋಗಲ್ಲ," ಎಂದರು ಅತ್ತೆ. "ಸೋಪು, ಸೋಡಾ ಎಲ್ಲಾ ಆಯ್ತು. ಮೇಲಿನವಳ ಬುದ್ಧಿ ಥರಾನೇ. ಎಷ್ಟು ಉಜ್ಜಿದ್ರೂ ಅಷ್ಟೇ."

ಮೇಲಿನವಳು ಅಂದರೆ ಅತ್ತೆಯ ಒಡಹುಟ್ಟಿದ ಅಕ್ಕ. ಮನೆ ಪಾಲಾದಾಗ ಇಬ್ಬರೂ ಮಾತು ಬಿಟ್ಟಿದ್ದರು. ಬೈಗುಳವನ್ನು ಮಾತ್ರ ಯಾಕೋ ಇಬ್ಬರೂ ಮಾತಿನ ಲೆಕ್ಕಕ್ಕೆ ಸೇರಿಸಿರಲಿಲ್ಲ. ಬೆಳಿಗ್ಗೆ ನೀರು ತೊಟ್ಟಿಕ್ಕಿದ ಕೂಡಲೇ ಅತ್ತೆ ಸೊಂಟಕ್ಕೆ ಕೈಯಿಟ್ಟು ಬೀದಿಗಿಳಿಯುವರು, ಅವರಕ್ಕ ಬಾಲ್ಕನಿಯ ಕಂಬಿಗೆ ಮೊಣಕೈ ಊರುವರು. ಒಳಗೆ ಕಾಫಿ ಆರಿ ತಣ್ಣಗಾಗುವ ತನಕ ಪೂಜ್ಯ ಪೂರ್ವಜರನ್ನೂ ಬಿಡದೆ ಜಗಳ.

ರಜೆಗೆಂದು ಬಂದ ಅಳಿಯ ಹಠವಾದಿ. ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಒಂದೇ ಒಂದು 'ಭೇಷ್' ಕೇಳಬೇಕೆಂದು ಅವನಿಗೆ ಆಸೆ. ವಿನೆಗರಿಗೆ ನೀರು ಬೆರೆಸಿ, ಮೆತ್ತನೆಯ ಬಟ್ಟೆಯಲ್ಲಿ ಕಲೆಗೆ ಹಚ್ಚಿ ನೆನೆಯಲು ಬಿಟ್ಟ. ಬಣ್ಣ ಏಳದಂತೆ ಮೆಲ್ಲಗೆ ಒರೆಸಿದ. ತೊಳೆದ, ಒಣಗಿಸಿದ, ಮೇಣದ ಪಾಲಿಶ್ ತಿಕ್ಕಿದ. ಸಂಜೆಗೆ ಬಾಗಿಲು ಮದುಮಗನಂತೆ ಹೊಳೆಯಿತು. ಅಳಿಯ ಗುರುತು ಸಿಗದಷ್ಟು ಕೊಳಕಾಗಿದ್ದ.

ಅತ್ತೆ ಬಂದು ನೋಡಿದರು. "ಹೋಗೇಬಿಡ್ತಲ್ಲ," ಎಂದರು, ಸಾವಿನ ಸುದ್ದಿ ಕೇಳಿದವರಂತೆ.

ಭೇಷ್ ಸಿಗದ ಅಳಿಯ ರೋಗದ ಬೇರಿಗೇ ಕೈ ಹಾಕಿದ. ಕುಂಡಗಳ ಅಡಿಗಿಡಲು ಪ್ಲಾಸ್ಟಿಕ್ ತಟ್ಟೆಗಳನ್ನು ತಂದು ಮಹಡಿ ಹತ್ತಿದ. ಬಾಲ್ಕನಿಗೆ ಕಾಲಿಟ್ಟವನು ಪೆಚ್ಚಾಗಿ ನಿಂತ. ಒಂದು ಕುಂಡದಲ್ಲೂ ಗಿಡವಿರಲಿಲ್ಲ. ಬರೀ ಒದ್ದೆ ಮಣ್ಣು, ಅಲ್ಲೊಂದು ಇಲ್ಲೊಂದು ಒಣಕಡ್ಡಿ.

"ಗಿಡ ಎಲ್ಲಿ ದೊಡ್ಡತ್ತೆ?"

"ಸತ್ತು ಯಾವ ಕಾಲ ಆಯ್ತು."

"ಮತ್ತೆ ದಿನಾ ನೀರು?"

"ಹಾಕ್ದಿದ್ರೆ ನಿಮ್ಮತ್ತೆ ತಲೆ ಎತ್ತಿ ಮೇಲೆ ನೋಡ್ತಾಳಾ? ಬೈಯೋಕಾದ್ರೂ ಬರ್ಲಿ ಅಂತ." ದೊಡ್ಡತ್ತೆ ತಟ್ಟೆಗಳನ್ನು ತೆಗೆದುಕೊಂಡು ಮೂಲೆಗಿಟ್ಟರು. "ಹೋಗ್ಲಿ ಬಿಡಿ. ಪಾಪ, ಅಷ್ಟು ಕಷ್ಟಪಟ್ಟು ಒರೆಸಿದ್ದೀರಿ. ಇನ್ನು ಹಾಕಲ್ಲ."

ಅಳಿಯ ಬರಿಗೈಯಲ್ಲಿ ಮೆಟ್ಟಿಲಿಳಿದ. ಉಪಕಾರ ಮಾಡಲು ಹೋಗಿ ಇಬ್ಬರ ಬಾಯಿಗೂ ಬೀಗ ಹಾಕಿದ್ದ.

ಮರುದಿನ ಬೆಳಿಗ್ಗೆ ನೀರು ಬೀಳಲಿಲ್ಲ. ಅತ್ತೆ ಸೊಂಟಕ್ಕೆ ಕೈಯಿಟ್ಟೇ ಬೀದಿಗಿಳಿದರು, ಬಾಗಿಲು ನೋಡಿದರು, ಒಳಗೆ ಹೋದರು, ಮತ್ತೆ ಬಂದರು. ಕಾಫಿ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಅಳಿಯನನ್ನು ಕಳ್ಳನನ್ನು ನೋಡುವಂತೆ ನೋಡಿದರು. ಕೊನೆಗೆ ತಡೆಯಲಾರದೆ ತಲೆ ಎತ್ತಿ ಕೂಗಿದರು.

"ಏನೇ, ಸತ್ತುಗಿತ್ತು ಹೋದ್ಯಾ? ಗಿಡಕ್ಕೆ ನೀರು ಹಾಕೋಕೂ ಸೋಮಾರಿತನಾನಾ?"

ಮೇಲೆ ಸದ್ದಿಲ್ಲ. ಅತ್ತೆಯ ದನಿ ಇಳಿಯಿತು.

"ಅಕ್ಕಾ?"

ಉತ್ತರವಾಗಿ ಇಡೀ ಒಂದು ಬಕೆಟ್ ನೀರು ಧಬಧಬನೆ ಬಂತು. ಪಾಲಿಶ್ ಕಂಡ ಬಾಗಿಲ ಮೇಲೆ, ಅಳಿಯನ ತಲೆಯ ಮೇಲೆ, ಅವನ ಕಾಫಿಯ ಒಳಗೆ.

ಅತ್ತೆಯ ಮುಖ ಅರಳಿತು.

"ಭೇಷ್!" ಎಂದರು ಮೇಲೆ ನೋಡುತ್ತಾ. "ಭೇಷ್ ಕಣೇ! ಇದು ಬಿಟ್ಟು ಇನ್ನೇನು ಬರುತ್ತೆ ನಿಂಗೆ? ಈಗ ನೀನೇ ಕೆಳಗಿಳಿದು ಬಂದು ಒರೆಸು!"

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು.