ಬ್ಯಾನರಿಗೊಂದು ಕ್ರಿಯಾಪದ

"ಪದ ಆರಿಸೋ ತನಕ ಕುಂಚ ಅದ್ದಬೇಡ," ಎಂದರು ಕಾಲೇಜು ಮೇಷ್ಟ್ರು ವೆಂಕಟೇಶಪ್ಪ.

ಪೀಣ್ಯದ ಕಾರ್ಮಿಕ ಸಂಘದ ಕೋಣೆಯಲ್ಲಿ ಕೆಂಪು ಬಟ್ಟೆ ಗೋಡೆಯಿಂದ ಗೋಡೆಗೆ ಹಾಸಿತ್ತು. ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಚಿಲಿಯಿಂದ ಗಡೀಪಾರಾದ ಕಾರ್ಮಿಕ ನಾಯಕರೊಬ್ಬರು ಭಾನುವಾರ ಬರುವವರಿದ್ದರು. ಅವರನ್ನು ಅವರ ಸ್ಪ್ಯಾನಿಷ್ ಭಾಷೆಯಲ್ಲೇ ಎದುರುಗೊಳ್ಳಬೇಕೆಂದು ಮೇಷ್ಟ್ರ ಓದುಬಳಗ ತೀರ್ಮಾನಿಸಿತ್ತು. ಲೇತ್ ಕೆಲಸದ ಸೊಣ್ಣಪ್ಪ ಒಂದು ಪದದ ಜಾಗ ಬಿಟ್ಟು ಉಳಿದದ್ದೆಲ್ಲ ಬರೆದಿದ್ದ: ಬಂಡವಾಳಶಾಹಿಯು ಬಡವರ ಮನೆಗಳನ್ನು ಏನೋ ಮಾಡುತ್ತದೆ. ಏನು ಮಾಡುತ್ತದೆ ಎನ್ನುವುದೇ ತಕರಾರು.

"ಎಸ್ತ್ರೊಪೆಆರ್ ಅಂದ್ರೆ ಕೆಡಿಸೋದು. ಗಡಿಯಾರ ಕೆಡಿಸಿದ ಹಾಗೆ. ತೀರಾ ಸಪ್ಪೆ." ಮೇಷ್ಟ್ರು ನಿಘಂಟಿನ ಹಾಳೆ ತಿರುವಿದರು. "ಅರ್ರುಯಿನಾರ್, ಹಾಳು ಮಾಡೋದು. ಇದರಲ್ಲಿ ಅಂಗಡಿ ದಿವಾಳಿಯಾದ ವಾಸನೆ ಇದೆ. ಇನ್ನು ದೆಸ್ತ್ರೊಸಾರ್..."

ಸಂಘಕ್ಕೆ ದಿನಾ ಟೀ ಕೊಡುವ ಅಂಜಿನಮ್ಮ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು. ಅವಳ ಗುಡಿಸಲು ಕೋಣೆಯ ಹಿಂದೆಯೇ.

"ಮೇಷ್ಟ್ರೇ, ಪಕ್ಕದ ಕಾರ್ಖಾನೆಯೋನು ಕಾಂಪೌಂಡ್ ಎತ್ತಬೇಕಂತೆ, ಗುಡ್ಲು ಕೀಳಾಕೆ ಆಳು ಕಳಿಸವ್ನೆ. ಮಗಳು ಅಸೀ ಬಾಣಂತಿ, ಕೂಸು ಮಡಿಕ್ಕೊಂಡು ಒಳಗವ್ಳೆ. ನೀವು ಬಂದು ಎಲ್ಡು ಮಾತು ಇಂಗ್ಲೀಸ್ನಾಗೆ ಆಡಿ, ಸಾಕು. ಆ ಮೇಸ್ತ್ರಿ ಇಂಗ್ಲೀಸಂದ್ರೆ ಎದರ್ತಾನೆ."

"ಬರ್ತೀವಮ್ಮ. ಇದೂ ನಿಮ್ಮದೇ ಕೆಲಸ ಅಲ್ವಾ? ಮುಗಿಸ್ಕೊಂಡೇ ಬರ್ತೀವಿ."

ಅವಳು ಓಡಿದಳು. ಸೊಣ್ಣಪ್ಪ ಎದ್ದ. "ಒಂದ್ಸಲ ಹೋಗ್ಬಂದ್ಬಿಡೋಣ ಸಾರ್."

"ಕೂತ್ಕೊಳೋ. ತಪ್ಪು ಪದ ಹಾಕಿ ಲ್ಯಾಟಿನ್ ಅಮೆರಿಕದ ಮುಂದೆ ಪೀಣ್ಯದ ಮಾನ ಕಳೀತೀಯಾ?"

ಸೊಣ್ಣಪ್ಪ ಕೂತ. ಹಿತ್ತಿಲ ಕಡೆ ತಗಡು ಕಿತ್ತ ಸದ್ದಾಯಿತು. ಹಿಂದೆಯೇ ಮಡಕೆಗಳು ಒಡೆದವು.

ಮೇಷ್ಟ್ರು ಬೆರಳೆತ್ತಿದರು. "ಕೇಳಿಸ್ತಾ? ಚೂರುಚೂರು. ದೆಸ್ತ್ರೊಸಾರ್ ಅಂದ್ರೆ ಇದೇ ಕಣೋ!" ಕಿವಿಗೊಟ್ಟು ತುಸು ಯೋಚಿಸಿದರು. "ಆದ್ರೆ ಗೋಡೆ ಇನ್ನೂ ನಿಂತಿರೋ ಹಾಗಿದೆ. ಬುಡಸಮೇತ ನೆಲಸಮ ಆದ್ರೆ ದೆಸ್ತ್ರುಯಿರ್. ದುಡುಕೋದು ಬೇಡ, ನೋಡೋಣ."

ಸೊಣ್ಣಪ್ಪ ಅವರ ಮುಖವನ್ನೇ ನೋಡುತ್ತಿದ್ದ. ಧೊಪ್ಪೆಂದು ಮಣ್ಣು ಕುಸಿದು ಕೋಣೆಯ ನೆಲ ಅದುರಿತು. ಕೂಸು ಚೀರಿತು.

"ದೆಸ್ತ್ರುಯಿರ್! ಅನುಮಾನವೇ ಇಲ್ಲ. ಬರಿ ಬರಿ!"

ಸೊಣ್ಣಪ್ಪನ ಕುಂಚ ಏಳಲಿಲ್ಲ.

ಅಂಜಿನಮ್ಮ ಮತ್ತೆ ಬಂದಳು. ತಲೆಯ ತುಂಬ ಮಣ್ಣು, ಕೈಯಲ್ಲೊಂದು ಬಿದಿರ ಗಳ.

"ಸಿಕ್ತು ಕಣಮ್ಮ ಪದ!" ಎಂದರು ಮೇಷ್ಟ್ರು.

ಅವಳು ಅವರತ್ತ ನೋಡಲೂ ಇಲ್ಲ. ಬಗ್ಗಿ ಬಟ್ಟೆಯ ಒಂದು ಮೂಲೆ ಹಿಡಿದು ಎಳೆದಳು.

"ಏನಮ್ಮಾ ಇದು!"

"ಕೂಸು ಬಿಸ್ಲಾಗದೆ."

ಸೊಣ್ಣಪ್ಪ ಕುಂಚ ಬಿಸಾಡಿ ಇನ್ನೊಂದು ತುದಿ ಎತ್ತಿಕೊಂಡ. ಕೆಂಪು ಬಟ್ಟೆ ಹೊಸಿಲು ದಾಟಿ, ಒಡೆದ ಮಡಕೆಗಳ ಮೇಲೆ ಹಾದು, ಉರಿಬಿಸಿಲಿಗೆ ಹೋಯಿತು. ಮೇಷ್ಟ್ರು ನಿಘಂಟು ಹಿಡಿದುಕೊಂಡೇ ಬಾಗಿಲಿಗೆ ಓಡಿಬಂದು ಕೂಗಿದರು:

"ಮಡಚಬೇಡ್ರೋ! ಬಣ್ಣ ಇನ್ನೂ ಹಸಿ!"