ಮುತ್ಯಾ ಆಡಿದ ಪದ್ಯ

"ಚಹಾ ತಣ್ಣಗಾಗಾಕತ್ತೈತಿ, ಕುಡೀರಿ" ಎಂದು ಇಂದುಬಾಯಿ ಹೇಳಿದರೆ, ಗಂಡ ಪರಪ್ಪ, "ಗಿಮಲಿ ದಾಂಬು ಟುಮರಿ" ಎಂದ. ಮೊಮ್ಮಗಳು ದಾನೇಶ್ವರಿ ಬಿದ್ದು ಬಿದ್ದು ನಕ್ಕಳು.

ಇಂದುಬಾಯಿಗೆ ರೇಗಿಹೋಯಿತು. ಎಲ್ಲಾ ಆ ಪುಸ್ತಕದ ಪ್ರತಾಪ. ಸಿಂದಗಿಯಿಂದ ಶಾಲೆಯ ಸೂಟಿಗೆ ಬಂದ ಹುಡುಗಿ ಅದನ್ನು ಜೊತೆಗೆ ತಂದಿದ್ದಳು. ಹಳೆಯ ಕಾಲದವರು ಯಾರೋ ಬರೆದ ತಲೆಬುಡವಿಲ್ಲದ ಪದ್ಯವಂತೆ. ಈಗ ಅದಕ್ಕೆ ಚಸ್ಮಾ ಹಾಕಿದ ಕುಂಬಳಕಾಯಿ, ಕೊಡೆ ಹಿಡಿದ ಮೊಸಳೆ ಎಂದೆಲ್ಲ ಬಣ್ಣದ ಚಿತ್ರ ಬರೆದು ಮಕ್ಕಳಿಗಾಗಿ ಅಚ್ಚು ಹಾಕಿದ್ದಾರೆ. ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಹರಾಜಿನ ಸವಾಲು ಕೂಗುವ ಪರಪ್ಪನ ಕೈಗೆ ಅದು ಸಿಕ್ಕರೆ ಕೇಳಬೇಕೆ? ಸವಾಲಿನ ಧಾಟಿಯಲ್ಲೇ ಓಣಿಗೆಲ್ಲ ಕೇಳುವಂತೆ ಓದುತ್ತಿದ್ದ. ಓದು ಮುಗಿದರೆ ಅಜ್ಜ ಮೊಮ್ಮಗಳು ಅಂಥದೇ ಮಾತು ಹುಟ್ಟಿಸಿ ಜಿದ್ದಿಗೆ ಬೀಳುತ್ತಿದ್ದರು.

"ಸಾಕ್ರಿ ಹುಡುಗಾಟ. ಪ್ಯಾಟಿಗೆ ಹೊತ್ತಾತು."

"ಬರಗು... ಲಿಂಬಟ... ಗಡಮ" ಎಂದ ಪರಪ್ಪ.

"ಟಮಕಿ ಡುಬರಿ!" ದಾನೇಶ್ವರಿ ಬಿಡದೆ ತಿರುಗಿ ಕೊಟ್ಟಳು.

ಕಪ್ಪಿನತ್ತ ಚಾಚಿದ ಪರಪ್ಪನ ಬಲಗೈ ಅರ್ಧಕ್ಕೇ ಜೋತುಬಿತ್ತು. ಇಂದುಬಾಯಿ ಆಗ ಗಂಡನ ಮುಖ ನೋಡಿದಳು. ತುಟಿಯ ಒಂದು ಕೊನೆ ಕೆಳಗಿಳಿದಿತ್ತು. ಕಣ್ಣಲ್ಲಿ ತುಂಟತನವಿರಲಿಲ್ಲ. ಬಾವಿಗೆ ಬಿದ್ದವನು ಮೇಲೆ ನಿಂತವರನ್ನು ನೋಡುವಂತೆ ಅವಳನ್ನೇ ನೋಡುತ್ತಿದ್ದ.

"ನನ್ನ ಹೆಸರ ಹೇಳ್ರಿ" ಎಂದು ಭುಜ ಹಿಡಿದು ಅಲುಗಿಸಿದಳು. "ಒಮ್ಮಿ ಹೇಳ್ರಿ, ನಿಮ್ಮ ಕಾಲ ಬೀಳ್ತೇನಿ."

ಪರಪ್ಪ ಕುತ್ತಿಗೆಯ ನರ ಉಬ್ಬುವಂತೆ ಬಾಯಿ ತೆರೆದ. "ಗಡಮ" ಎಂದ. ಅದು ತಪ್ಪೆಂದು ಅವನಿಗೂ ತಿಳಿದಿತ್ತು. ಕಣ್ಣಿಂದ ನೀರು ಇಳಿಯಿತು.

ಇಂದುಬಾಯಿಯ ಕೂಗಿಗೆ, ಟೆಂಪೋಗೆ ಚೀಲ ಹೇರುತ್ತಿದ್ದ ಪಕ್ಕದ ಮನೆಯ ನಬಿಲಾಲ ಓಡಿಬಂದ. ಮುಖ ನೋಡಿದ್ದೇ, "ಲಕ್ವಾ ಹೊಡದಂಗ ಕಾಣತೈತಿ ಕಾಕಿ. ಬಿಜಾಪುರಕ್ಕ ಒಯ್ಯೂನು, ತಡಾ ಬ್ಯಾಡ" ಎಂದವನು ಚೀಲಗಳನ್ನು ಬೀದಿಗೇ ಉರುಳಿಸಿ ಪರಪ್ಪನನ್ನು ಎತ್ತಿ ಮಲಗಿಸಿದ.

ಟೆಂಪೋ ಊರು ದಾಟಿತು. ಇಂದುಬಾಯಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಡ ದೇವರಿಗೆಲ್ಲ ಮೊರೆಯಿಡುತ್ತಿದ್ದಳು. ಅಜ್ಜನ ತುಟಿ ಇನ್ನೂ ಏನೇನೋ ಗುನುಗುತ್ತಿತ್ತು. ದಾನೇಶ್ವರಿ ಅಜ್ಜಿಯ ಅಳುವನ್ನು ನೋಡಿದಳು, ಅಜ್ಜನ ಬಾಯಿಯನ್ನು ನೋಡಿದಳು. ಆಮೇಲೆ ಅವನ ಸೋತ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಕಿವಿಯ ಹತ್ತಿರ ಬಗ್ಗಿದಳು.

"ಸಾಕೋ ಮುತ್ಯಾ, ನೀನ ಗೆದ್ದಿ. ಇನ್ನಾರ ಖರೇ ಮಾತಾಡು."