ನಳಿಗೆಯ ಕೆಳಗಿನ ಕಂಬಿ

ಕೊಲ್ಲಬೇಕೆಂದಿರುವವನಿಗಲ್ಲದೆ ಮತ್ಯಾರಿಗೆ ಬೇಕು, ರಿವಾಲ್ವರಿನ ಹೊಟ್ಟೆಯ ಕೆಳಗೊಂದು ಬೆಳಕು? ಸತ್ತಾರ್ ಸಾಬ್ ಒರೆಸಿದ ನಳಿಗೆಯನ್ನೇ ಮತ್ತೆ ಒರೆಸಿದ. ರಾಯಚೂರಿನ ಅವನ ಬಂದೂಕು ರಿಪೇರಿ ಅಂಗಡಿಯಲ್ಲಿ, ಎದುರಿನ ಸ್ಟೂಲಿನ ಮೇಲೆ, ಪೋತ್ನಾಳದ ಅಕ್ಕಿ ಗಿರಣಿಯ ವಿರೂಪಣ್ಣ ಕೂತಿದ್ದ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗೇಣುದ್ದದ ಟಾರ್ಚು.

"ಹಿಂಗ ನೋಡ್ರಿ ಸಾಬ್ರ. ನಳಗಿ ಕೆಳಗ ಒಂದು ಕಂಬಿ ಕೂಡಸ್ರಿ, ರೈಲಿನ ಕಂಬಿ ಇದ್ದಂಗ. ಈ ಬ್ಯಾಟರಿ ಅದರ ಮ್ಯಾಲ ಸರದು ಗಪ್ ಅಂತ ಕೂಡಬೇಕು. ಗುಂಡು ಎಲ್ಲಿಗೆ ಹೋಗ್ತದ, ಬೆಳಕು ಅಲ್ಲೇ ಬೀಳಬೇಕು."

"ಬ್ಯಾಟರಿ ಎಡಗೈಯಾಗ ಹಿಡಿದ್ರ ಆಗಂಗಿಲ್ಲೇನ್ರಿ ಸಾವ್ಕಾರ್ರ?"

"ನನ್ನ ಕೈ ನಡಗತಾವ. ಎದುರಿಗೆ ನಿಂತವನ ಮಾರಿ ನನಗ ಸ್ವಚ್ಛ ಕಾಣಬೇಕು. ಒಂದೇ ಗುಂಡು ಹಾರಿದ್ರೂ ಯಾರಿಗಂತ ತಪ್ಪಬಾರದು."

ಮೂವತ್ತು ವರ್ಷದ ಕಸುಬು ಸತ್ತಾರ್ ಸಾಬನಿಗೆ ಒಂದನ್ನು ಕಲಿಸಿತ್ತು. ಆಯುಧದ ಮೇಲೆ ಏನು ಬೇಕೆನ್ನುತ್ತಾನೆ ಎಂಬುದರಲ್ಲಿ ಮನುಷ್ಯ ಗೊತ್ತಾಗುತ್ತಾನೆ. ದೇವದುರ್ಗದ ದೊಡ್ಡ ಜಮೀನುದಾರನೊಬ್ಬ ಹಿಡಿಯ ಮೇಲೆ ಬೆಳ್ಳಿಯ ನಂದಿ ಕೂಡಿಸಿಕೊಂಡಿದ್ದ. ಅವನು ಜನ್ಮದಲ್ಲಿ ಗುಂಡು ಹಾರಿಸುವವನಲ್ಲ. ನಿವೃತ್ತ ದಫೇದಾರ ಗದ್ದೆಪ್ಪ, "ನನಗ ಏನೂ ಬ್ಯಾಡೋ ಮಾರಾಯ, ಎಣ್ಣಿ ಒಂದು ಹಾಕು" ಅನ್ನುತ್ತಿದ್ದ. ಸತ್ತಾರ್ ಸಾಬನಿಗೂ ಬೋಳು ನಳಿಗೆಯೇ ಇಷ್ಟ. ಅದಕ್ಕೆ ಏನು ತೂಗುಹಾಕಿದರೂ ತೂಕ ತಪ್ಪುತ್ತದೆ, ಕೈ ತಪ್ಪುತ್ತದೆ. ಆದರೆ ಕತ್ತಲಲ್ಲಿ ಮುಖ ಕಾಣಬೇಕೆಂದು ಕೇಳಿದವನು ಇವನೇ ಮೊದಲಿಗ.

ವಿರೂಪಣ್ಣನಿಗೂ ತಮ್ಮ ಮುದುಕಪ್ಪನಿಗೂ ಮೂರು ವರ್ಷದಿಂದ ಮಾತಿಲ್ಲ, ಮನೆಯ ನಡುವೆ ಗೋಡೆ ಎದ್ದಿದೆ ಎಂಬುದು ಮಾನ್ವಿ ತಾಲ್ಲೂಕಿಗೆಲ್ಲ ಗೊತ್ತಿತ್ತು.

"ಮುದುಕಪ್ಪನವರು ಹೆಂಗದಾರ್ರಿ?" ಸತ್ತಾರ್ ಸಾಬ್ ತಲೆ ಎತ್ತದೆ ಕೇಳಿದ.

"ಗ್ವಾಡಿ ಆಚಿ ಅದಾನ. ಕತ್ತಲಾಗ ಅಡ್ಡಾಡೋ ಚಟ ಅವನಿಗೆ." ವಿರೂಪಣ್ಣ ಟಾರ್ಚನ್ನು ಮೇಜಿನ ಮೇಲಿಟ್ಟು ಎದ್ದ. "ಅದಕ್ಕ ಹೇಳಾಕತ್ತೀನಿ, ಕಂಬಿ ಗಟ್ಟಿ ಇರ್ಲಿ."

ಮಧ್ಯಾಹ್ನದ ಊಟಕ್ಕೆ ಕೂತಾಗ ಸತ್ತಾರ್ ಸಾಬ್ ಇದನ್ನೆಲ್ಲ ಹೆಂಡತಿ ಬಿಸ್ಮಿಲ್ಲಾ ಬೀಗೆ ಹೇಳಿದ.

"ಹಾಂಗಾದ್ರ ಪೊಲೀಸರಿಗೆ ಹೇಳ್ರಿ."

"ಏನಂತ? ಬೆಳಕು ಬೇಕಂದ, ಹಿಡದು ಒಳಗ ಹಾಕ್ರಿ ಅಂತನಾ? ನಗತಾರ."

"ಮತ್ತ ಆಗೂದಿಲ್ಲ ಅಂತ ವಾಪಸ್ ಕೊಡ್ರಿ. ಆ ಪಾಪ ನಮ್ಮ ಮನಿಗೆ ಯಾಕ?"

"ಕೊಟ್ರ ಹೈದರಾಬಾದಿಗೆ ಹೋಗ್ತಾನ. ಅದರಕಿಂತ ಕೆಲಸ ನನ್ನ ಕೈಯಾಗ ಇರೋದು ಚಲೋ."

ಒಂದು ದಿನದ ಕೆಲಸಕ್ಕೆ ಅವನು ಎರಡು ದಿನ ತೆಗೆದುಕೊಂಡ. ಮುಗಿದ ಮೇಲೆ ಲೋಹಕ್ಕೆ ತನ್ನ ಗುರುತಿನ ಚುಕ್ಕಿ ಒತ್ತುವುದು ಅವನ ರೂಢಿ. ಈ ಸಲ ಒತ್ತಲಿಲ್ಲ. ವಿರೂಪಣ್ಣ ಬಂದ, ಟಾರ್ಚನ್ನು ಕಂಬಿಗೆ ಸರಿಸಿದ, ಅಂಗಡಿಯ ಕತ್ತಲೆ ಮೂಲೆಗೆ ಹಿಡಿದು ಬೆಳಗಿಸಿದ. ಗೋಡೆಯ ಮೇಲಿನ ಹಲ್ಲಿಯ ಕಣ್ಣು ಕೂಡ ಕಂಡಿತು.

"ಸಾಬ್ರ ಕೆಲಸ ಅಂದ್ರ ಕೆಲಸ," ಎಂದು ನಕ್ಕ. ಸತ್ತಾರ್ ಸಾಬ್ ನಗಲಿಲ್ಲ.

ಹನ್ನೊಂದನೆಯ ದಿನ ಸುದ್ದಿ ಬಂತು. ಗಿರಣಿಯ ಅಂಗಳದಲ್ಲಿ, ಭತ್ತದ ರಾಶಿಯ ಪಕ್ಕ, ಮುದುಕಪ್ಪ ಸತ್ತು ಬಿದ್ದಿದ್ದ. ಎದೆಗೆ ಒಂದೇ ಗುಂಡು. ಹೊಡೆದವನು ಅಣ್ಣ.

"ನೀವಂದಂಗ ಆತು ನೋಡ್ರಿ," ಎಂದಳು ಬಿಸ್ಮಿಲ್ಲಾ ಬೀ. ಸತ್ತಾರ್ ಸಾಬ್ ಎರಡು ದಿನ ಅಂಗಡಿ ತೆರೆಯಲಿಲ್ಲ.

ಕೊಲೆಯ ಮೊಕದ್ದಮೆ ರಾಯಚೂರಿನಲ್ಲಿ ನಡೆಯಿತು. ಸಾಕ್ಷಿ ಹೇಳಲು ಸತ್ತಾರ್ ಸಾಬನಿಗೂ ಕರೆ ಬಂತು. ಅದರ ಹಿಂದಿನ ದಿನ ವಿರೂಪಣ್ಣನ ಹೆಂಡತಿ ಬಸವಂತಮ್ಮ ಅಂಗಡಿಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ.

"ಹೋದ ವರ್ಷ ಕಳ್ಳರು ಬಂದಾರಂತ ಕತ್ತಲಾಗ ಸಪ್ಪಳಕ್ಕ ಹೊಡದು ನಮ್ಮ ಎತ್ತನ್ನ ನಮ್ಮವರು ಕೊಂದಿದ್ರು, ಸಾಬ್ರ. ಎಂಟು ದಿನ ಕೂಳು ಮುಟ್ಟಲಿಲ್ಲ. ಇನ್ನ ಮಾರಿ ನೋಡ್ದೆ ಹೊಡೆಯಂಗಿಲ್ಲ ಅಂತ ಲಿಂಗ ಮುಟ್ಟಿ ಆಣಿ ಮಾಡಿದ್ರು. 'ಮುದುಕಪ್ಪ ಕತ್ತಲಾಗ ಅಡ್ಡಾಡತಾನ, ನಾಳೆ ಅವನಿಗೇ ಬಿದ್ರ?' ಅಂತ ಅಂಜಿ ಆ ಕಂಬಿ ಹಾಕಿಸಿದ್ರು."

ಸತ್ತಾರ್ ಸಾಬ್ ಮೇಜಿನ ಅಂಚು ಹಿಡಿದುಕೊಂಡ.

"ಆವತ್ತು ಖರೇನ ಕಳ್ಳರು ಬಂದಿದ್ರು. ಮಾತು ಬಿಟ್ಟಿದ್ರೇನಾತು, ತಮ್ಮನೂ ಎದ್ದು ಓಡಿ ಬಂದ. ನಮ್ಮವರು ಕೈಯಾಗ ಬೆಳಕು ಅದ ಅಂತ ಧೈರ್ಯದ ಮ್ಯಾಲ ನುಗ್ಗ್ಯಾರ. ಓಡೋ ಮುಂದ ಕಂಬಿ ಕಳಚಿ ಬ್ಯಾಟರಿ ಬಿತ್ತಂತ. ಕತ್ತಲಾಗ ಯಾರೋ ಮೈಮ್ಯಾಲ ಬಂದಂಗಾತಂತ. ಯಾರೂ ನಂಬವಲ್ರು. ಕಂಬಿ ತಾನಾಗೇ ಬಿಚ್ಚಬೌದಂತ ನೀವೊಬ್ರು ಹೇಳಿದ್ರ ಸಾಕು, ಯಪ್ಪಾ. ಗಲ್ಲು ತಪ್ಪತದ."

ಮರುದಿನ ಸರ್ಕಾರಿ ವಕೀಲರು ಕಂಬಿಯನ್ನೂ ಟಾರ್ಚನ್ನೂ ಎತ್ತಿ ತೋರಿಸಿದರು. ಅವು ಸಿಕ್ಕಿದ್ದು ಹೆಣದಿಂದ ಹತ್ತು ಹೆಜ್ಜೆ ದೂರದಲ್ಲಿ, ಭತ್ತದ ಹೊಟ್ಟಿನಲ್ಲಿ. ಸ್ಕ್ರೂಗಳು ಸಿಕ್ಕಿರಲಿಲ್ಲ. ತನ್ನ ಗುರುತು ತಮ್ಮನಿಗೆ ಸಿಗಬಾರದೆಂದು ಆರೋಪಿಯೇ ಬೆಳಕನ್ನು ಬಿಚ್ಚಿ ಎಸೆದಿದ್ದಾನೆ ಎಂದು ಅವರು ವಾದಿಸಿದರು.

"ಸತ್ತಾರ್ ಸಾಬ್, ನೀವು ಕೂಡಿಸಿದ ಕಂಬಿ ತಾನಾಗಿ ಕಳಚಿ ಬೀಳಬಹುದೆ?"

ವಿರೂಪಣ್ಣ ಕಟಕಟೆಯಿಂದ ಅವನನ್ನೇ ನೋಡುತ್ತಿದ್ದ.

"ಮೂವತ್ತು ವರ್ಷದಾಗ," ಎಂದ ಸತ್ತಾರ್ ಸಾಬ್, "ನನ್ನ ಕೆಲಸ ಒಂದೂ ಬಿಚ್ಚಿಲ್ರಿ."

ಮುಖ ಕಾಣದಿದ್ದರೆ ವಿರೂಪಣ್ಣ ಗುಂಡು ಹಾರಿಸಲಾರನೆಂದು ನಂಬಿ, ನಾಲ್ಕು ಹೆಜ್ಜೆ ಓಡಿದರೆ ಕಂಬಿ ಕಳಚಿ ಬೀಳುವಂತೆ ಎರಡೂ ಸ್ಕ್ರೂಗಳನ್ನು ಅರ್ಧಕ್ಕೆ ಕತ್ತರಿಸಿ ಕೂಡಿಸಿದ್ದು ತಾನೇ ಎಂದು ಅವನು ಹೇಳಲಿಲ್ಲ.